ನಾಲ್ಕಡಿ ಕಡಲಿನಲ್ಲಿ ಸರಹದ್ದಿನ ಜಗಳ

ತುಂಗಭದ್ರೆಯ ದಂಡೆಯ ಹರಿಹರಕ್ಕೂ ಅಲ್ಲಿಂದ ಪೂರ್ವಕ್ಕೆ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆಗೂ ಸಮುದ್ರವೆಂಬುದು ಘಟ್ಟದಾಚೆಗಿನ ಸಂಗತಿ. ನೇರ ಗೆರೆ ಎಳೆದು ಅಳೆದರೂ ಕರಾವಳಿ ಇಲ್ಲಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿದೆ. ಹೀಗಾಗಿ ಈ ಊರುಗಳಲ್ಲಿ ಕಡಲ ಮೀನನ್ನು ಮನೆಯಲ್ಲಿ ಸಾಕಬೇಕೆನ್ನುವವರು ಮೊದಲು ಕಡಲನ್ನೇ ತಯಾರಿಸಿಕೊಳ್ಳಬೇಕಾಗುತ್ತದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯ ಅಳತೆ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಕಲ್ಲು, ಮರಳು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ನೀರಿಗೆ ಉಳಿಯುವುದು ಹೆಚ್ಚೆಂದರೆ 200 ಲೀಟರ್. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುವುದರಿಂದ ಇಷ್ಟು ನೀರಿಗೆ 7 ಕಿಲೋಗ್ರಾಂ ಲವಣ ಬೇಕು, ಅದೂ ಬರೀ ಅಡುಗೆ ಉಪ್ಪಾಗಿರದೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟುಗಳು ತಕ್ಕ ಪ್ರಮಾಣದಲ್ಲಿ ಕೂಡಿರುವ ಸಮುದ್ರ ಲವಣದ ಮಿಶ್ರಣವಾಗಿರಬೇಕು. ಬಯಲುಸೀಮೆಯ ಕೊಳವೆಬಾವಿಯ ನೀರು ಗಡಸಾಗಿರುವುದರಿಂದ ಆರ್‌ಒ ಯಂತ್ರದಲ್ಲಿ ಸೋಸಿದ ನೀರಿಗೇ ಈ ಮಿಶ್ರಣವನ್ನು ಕರಗಿಸುವುದು ಕ್ಷೇಮ. ಹೀಗೆ ಕಡಲಿನ ರಾಸಾಯನಿಕ ಗುಣವನ್ನು ದಾವಣಗೆರೆಯ ಮನೆಯೊಂದರ ಮೂಲೆಯಲ್ಲಿ ಕಟ್ಟಿಕೊಳ್ಳಲು ಸಾಧ್ಯವಾದರೂ ಅದರ ವಿಸ್ತಾರವನ್ನು ಕಟ್ಟಿಕೊಳ್ಳಲು ಸಾಧ್ಯವಿಲ್ಲ. ತೊಟ್ಟಿಯ ಮೀನುಗಳ ನಡುವಿನ ಬಹುಪಾಲು ಜಗಳಗಳು ಹುಟ್ಟುವುದು ಈ ಕೊರತೆಯಿಂದಲೇ.

ಸರಹದ್ದು ಎಂದರೇನು?

ಪ್ರಾಣಿಯೊಂದು ತನ್ನ ಆಹಾರಕ್ಕಾಗಿ, ಅಡಗುದಾಣಕ್ಕಾಗಿ ಅಥವಾ ಸಂತಾನಕ್ಕಾಗಿ ಒಂದು ನಿರ್ದಿಷ್ಟ ಜಾಗವನ್ನು ಹಿಡಿದುಕೊಂಡು, ಅಲ್ಲಿಗೆ ಬರುವ ಇತರರನ್ನು ಬೆದರಿಸಿ ಅಥವಾ ಕಾದಾಡಿ ಹೊರಗಟ್ಟಿದರೆ ಆ ಜಾಗವನ್ನು ಅದರ ಸರಹದ್ದು ಎನ್ನುತ್ತಾರೆ. ಈ ವರ್ತನೆಯನ್ನು ನೋಡಲು ಕಡಲಿಗೇ ಹೋಗಬೇಕಾಗಿಲ್ಲ. 1952ರಲ್ಲಿ ಭಾರತಕ್ಕೆ ತರಲಾದ, ಇಂದು ನಮ್ಮ ಕೆರೆಕಟ್ಟೆಗಳಲ್ಲಿ ಮನೆಮಾಡಿಕೊಂಡಿರುವ ತಿಲಾಪಿಯಾವನ್ನು ಜನ ಜಿಲೇಬಿ ಮೀನು ಎಂದು ಕರೆಯುತ್ತಾರೆ. ಬೆದೆಯ ಕಾಲದಲ್ಲಿ ಈ ಜಾತಿಯ ಗಂಡಿನ ಮೈ ಕಪ್ಪಗೆ ತಿರುಗಿ ಗಂಟಲು ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಅದು ಕೆರೆಯಂಚಿನ ತಿಳಿನೀರಿನಲ್ಲಿ ಬಾಯಿಯಿಂದ ಕೆಸರು ಕಚ್ಚಿ ಕಚ್ಚಿ ಉಗಿದು ತಟ್ಟೆಯಾಕಾರದ ಗುಂಡಿಯನ್ನು ತೋಡಿ, ಹೆಣ್ಣನ್ನು ಒಳಗೆ ಬಿಟ್ಟುಕೊಂಡು, ಪಕ್ಕದ ಗುಂಡಿಯ ಗಂಡು ಅಂಚು ದಾಟಿದೊಡನೆ ಏರಿಹೋಗುತ್ತದೆ. ಬೆನ್ನಟ್ಟಿದ ಗಂಡು ಸ್ವಲ್ಪ ದೂರ ಹೋಗಿ ತಾನಾಗಿಯೇ ಹಿಂದಿರುಗುವುದನ್ನು ಇಲ್ಲಿ ಗಮನಿಸಬೇಕು: ಅದು ಹೋರಾಡುವುದು ತನ್ನ ಗುಂಡಿಯ ಮಟ್ಟಿಗಷ್ಟೆ.

ಎಲ್ಲ ಪ್ರಾಣಿಗಳೂ ಎಲ್ಲ ಕಾಲದಲ್ಲೂ ಹೀಗೆ ಕಾವಲು ಕಾಯುವುದಿಲ್ಲ. ಕಾವಲಿಗೆ ತಗಲುವ ಶ್ರಮ ಮತ್ತು ಗಾಯದ ಅಪಾಯಕ್ಕಿಂತ ಆ ಜಾಗದಿಂದ ಸಿಗುವ ಲಾಭ ಹೆಚ್ಚಾಗಿದ್ದಾಗ ಮಾತ್ರ ಸರಹದ್ದು ಕಟ್ಟುವ ಗುಣ ವಿಕಾಸಗೊಳ್ಳುತ್ತದೆ ಎಂಬ ಲೆಕ್ಕಾಚಾರವನ್ನು ಅಮೆರಿಕದ ಜೀವಿವಿಜ್ಞಾನಿ ಜೆರಮ್ ಬ್ರೌನ್ 1964ರಲ್ಲಿ ಮುಂದಿಟ್ಟರು. ಹವಳದ ದಿಬ್ಬಗಳಲ್ಲಿ ಈ ಲೆಕ್ಕ ಕಾವಲಿನ ಪರವಾಗಿಯೇ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಅಡಗಲು ಒಳ್ಳೆಯ ಬಿಲಗಳು ಕಡಿಮೆ, ಅವುಗಳನ್ನು ಬಯಸುವ ಮೀನುಗಳು ಹೆಚ್ಚು. ಉತ್ತರ ಕನ್ನಡದ ಮುರುಡೇಶ್ವರದಾಚೆಗಿನ ನೇತ್ರಾಣಿ ದ್ವೀಪದ ಸುತ್ತಲ ಹವಳದ ನೆಲೆಯಲ್ಲೂ ಕಾಣಸಿಗುವ ಡ್ಯಾಮ್ಸೆಲ್ ಕುಟುಂಬದ ಕೆಲವು ಜಾತಿಗಳು ಕಲ್ಲಿನ ಮೇಲಿನ ಪಾಚಿಯನ್ನು ಹೊಲದಂತೆ ಕಾಯುತ್ತವೆ. ತಮಗೆ ಬೇಡದ ಪಾಚಿಯನ್ನು ಕಳೆಯಂತೆ ಕಿತ್ತೆಸೆದು, ಮೇಯಲು ಬಂದ ತಮಗಿಂತ ಹಲವು ಪಟ್ಟು ದೊಡ್ಡ ಮೀನನ್ನೂ ಓಡಿಸುವ ಜಾತಿಗಳು ಇವುಗಳಲ್ಲಿವೆ. ಬೆರಳುದ್ದದ ಈ ನೀಲಿ, ಹಳದಿ ಮೀನುಗಳು ಅಗ್ಗವೂ ಗಟ್ಟಿಯೂ ಆಗಿರುವುದರಿಂದ ಹೊಸದಾಗಿ ಕಡಲ ಮೀನು ಸಾಕುವವರ ತೊಟ್ಟಿಗೆ ಮೊದಲು ಬಂದು ಸೇರುವುದೂ ಹೆಚ್ಚಾಗಿ ಇವೇ.

ತನ್ನವರೇ ಹಗೆಗಳು

ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕೊನ್ರಾಡ್ ಲೊರೆಂಜ್, ಪ್ರಾಣಿಗಳ ಆಕ್ರಮಣಶೀಲತೆಯನ್ನು ಕುರಿತು 1963ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಆರಂಭಿಸಿದ್ದು ಹವಳದ ದಿಬ್ಬದ ಮೀನುಗಳಿಂದಲೇ. ಗಾಢ ಬಣ್ಣದ ಮೀನುಗಳು ಅನ್ಯ ಜಾತಿಯವುಗಳನ್ನು ಸಹಿಸಿಕೊಂಡರೂ ಸ್ವಂತ ಜಾತಿಯ ಮೀನನ್ನು ಕಂಡರೆ ಮೇಲೆರಗುತ್ತವೆ ಎಂಬುದನ್ನು ಅವರು ಕಡಲಿನಲ್ಲೂ ತೊಟ್ಟಿಯಲ್ಲೂ ಕಂಡಿದ್ದರು. ಒಂದೇ ಆಹಾರ, ಒಂದೇ ಬಗೆಯ ಬಿಲ, ಒಂದೇ ಬಗೆಯ ಸಂಗಾತಿಯನ್ನು ಬಯಸುವುದರಿಂದ ಸ್ವಜಾತಿಯ ಮೀನೇ ಅತಿ ದೊಡ್ಡ ಪೈಪೋಟಿಗಾರ ಎಂಬುದು ಇದರ ಹಿಂದಿನ ಕಾರಣ. ಆದರೆ ಪಾಚಿ ಕಾಯುವ ಡ್ಯಾಮ್ಸೆಲ್ ಪಾಚಿ ಮೇಯುವ ಪರಜಾತಿಯ ಮೀನನ್ನೂ ಅಟ್ಟುತ್ತದೆ. ಅಂದರೆ ಬಣ್ಣಕ್ಕಿಂತಲೂ ಜಾತಿಗಿಂತಲೂ ಆಳದಲ್ಲಿರುವ ನಿಯಮವೆಂದರೆ, ತನ್ನ ತುತ್ತಿಗೋ ಬಿಲಕ್ಕೋ ಯಾರು ಪಾಲುದಾರರಾಗಬಹುದೋ ಅವರೇ ಹಗೆಗಳು.

ಜಗಳಕ್ಕೂ ಒಂದು ಕಟ್ಟಳೆಯಿದೆ. ಮೀನುಗಳು ನೇರವಾಗಿ ಕಚ್ಚಾಟಕ್ಕಿಳಿಯದೆ ಮೊದಲು ರೆಕ್ಕೆಗಳನ್ನು ಬಿಡಿಸಿ, ಮೈಯನ್ನು ಅಡ್ಡಲಾಗಿ ತೋರಿಸಿ, ಬಾಲದಿಂದ ಎದುರಾಳಿಯತ್ತ ನೀರನ್ನು ತಳ್ಳಿ ಬಲಾಬಲವನ್ನು ಅಳೆದುಕೊಳ್ಳುತ್ತವೆ. ಕ್ಲೌನ್ ಮೀನುಗಳು ಹಲ್ಲುಗಳನ್ನು ಕಟಕಟನೆ ಕಡಿದು ಸದ್ದು ಮಾಡುವುದೂ ಉಂಟು. ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ 1973ರಲ್ಲಿ ಪ್ರಾಣಿಗಳ ಕಾದಾಟಕ್ಕೆ ಆಟದ ಗಣಿತವನ್ನು ಅನ್ವಯಿಸಿ, ಸಾಯುವವರೆಗೆ ಹೊಡೆದಾಡುವುದಕ್ಕಿಂತ ಬೆದರಿಸಿ ಮುಗಿಸುವುದು ಏಕೆ ಲಾಭಕರವೆಂಬುದನ್ನು ತೋರಿಸಿದರು. ಇದರ ಮುಂದುವರಿಕೆಯಾಗಿ ಬೆಳೆದ ವಿಚಾರವೆಂದರೆ, ಜಾಗವನ್ನು ಮೊದಲೇ ಹಿಡಿದಿರುವವನು ಗಟ್ಟಿಯಾಗಿ ನಿಲ್ಲುತ್ತಾನೆ, ಆಮೇಲೆ ಬಂದವನು ಬೇಗ ಹಿಂದೆ ಸರಿಯುತ್ತಾನೆ ಎಂಬುದು. ತೊಟ್ಟಿಯಲ್ಲೂ ಹಳಬ ಮೀನು ಗಾತ್ರದಲ್ಲಿ ಸ್ವಲ್ಪ ಚಿಕ್ಕದಾಗಿದ್ದರೂ ಹೊಸಬನನ್ನು ಅಟ್ಟಾಡಿಸುವುದಕ್ಕೆ ಈ ಮೊದಲಿಗತನವೇ ಕಾರಣ.

ಈ ಕಟ್ಟಳೆ ನಡೆಯಬೇಕಾದರೆ ಸೋತವನು ಓಡಿಹೋಗುವುದು ಅಗತ್ಯ. ಕಡಲಿನಲ್ಲಿ ಸೋತ ಮೀನು ಕೆಲವು ಮಾರು ಈಜಿದರೆ ಸರಹದ್ದಿನಿಂದ ಹೊರಗಾಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ನಾಲ್ಕಡಿಯ ತೊಟ್ಟಿಯಲ್ಲಿ ಓಟ ಗಾಜಿಗೆ ಬಡಿದು ನಿಲ್ಲುತ್ತದೆ. ಇಡೀ ತೊಟ್ಟಿಯೇ ಬಲಿಷ್ಠನ ಸರಹದ್ದಾಗಿರುವುದರಿಂದ ಸೋತವನು ಓಡಿಹೋದರೂ ಬಲಿಷ್ಠನ ಕಣ್ಣಿಗೆ ಇನ್ನೂ ಒಳನುಗ್ಗಿರುವವನಾಗಿಯೇ ಕಾಣುತ್ತಾನೆ, ಆದ್ದರಿಂದ ಅಟ್ಟುವುದು ಮತ್ತೆ ಮತ್ತೆ ನಡೆಯುತ್ತದೆ. ಹರಿದ ರೆಕ್ಕೆ, ಮಾಸಿದ ಬಣ್ಣ, ಬಿರುಸಾದ ಕಿವಿರಿನ ಬಡಿತ, ಮೇವಿಗೆ ಬಾರದೆ ಪಂಪಿನ ಕೊಳವೆಯ ಹಿಂದೆ ಮೇಲ್ಮೂಲೆಯಲ್ಲಿ ನಿಂತೇ ಇರುವುದು, ಇವು ಸೋತ ಮೀನಿನ ಲಕ್ಷಣಗಳು. ಹೀಗೆ ಸದಾ ಬೆದರಿಕೆಯಲ್ಲಿರುವ ಮೀನಿನ ರಕ್ತದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಕ್ರಿಪ್ಟೊಕ್ಯಾರಿಯಾನ್ ಎಂಬ ಏಕಕೋಶ ಪರಜೀವಿ ತರುವ ಬಿಳಿಚುಕ್ಕೆ ರೋಗಕ್ಕೆ ದಾರಿಯಾಗುತ್ತದೆ. ಕಚ್ಚಿದ ಗಾಯಕ್ಕಿಂತ ಈ ಮೌನವಾದ ಹಾನಿಯೇ ಹಲವು ಬಾರಿ ಸಾವಿಗೆ ಕಾರಣವಾಗುತ್ತದೆ.

ಜಗಳವನ್ನು ನಿಭಾಯಿಸುವ ಬಗೆ

ಜಗಳದ ಕಾರಣ ಜಾಗವಾದ್ದರಿಂದ ಅದರ ಪರಿಹಾರವೂ ಜಾಗದ ಏರ್ಪಾಡಿನಲ್ಲೇ ಇದೆ. ಮೊದಲನೆಯದು ಬಿಡುವ ಅನುಕ್ರಮ. ಹೊಸ ತೊಟ್ಟಿಯಲ್ಲಿ ಮೀನಿನ ಮಲಮೂತ್ರದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ಕಡಿಮೆ ಅಪಾಯದ ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಹಲವು ವಾರಗಳು ಬೇಕು. ಈ ಅವಧಿಯನ್ನು ತಾಳಿಕೊಳ್ಳಬಲ್ಲದೆಂದು ಗಟ್ಟಿ ಮೀನಾದ ಡ್ಯಾಮ್ಸೆಲ್ ಅನ್ನು ಮೊದಲು ಬಿಡುವ ಹಳೆಯ ರೂಢಿಯೊಂದಿದೆ. ಇದರಿಂದ ಮೀನು ವಿಷದ ನೀರಿನಲ್ಲಿ ನರಳುವುದಷ್ಟೇ ಅಲ್ಲದೆ, ತೊಟ್ಟಿಯ ಅತ್ಯಂತ ಜಗಳಗಂಟ ನಿವಾಸಿಗೆ ಮೊದಲಿಗತನದ ಹಕ್ಕನ್ನೂ ಕೊಟ್ಟಂತಾಗುತ್ತದೆ. ಮೀನಿಲ್ಲದೆಯೇ ಸ್ವಲ್ಪ ಸ್ವಲ್ಪ ಅಮೋನಿಯಾ ಬೆರೆಸಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಆಮೇಲೆ ಅತಿ ಸಾಧು ಮೀನನ್ನು ಮೊದಲಿಗೂ ಅತಿ ಜಗಳಗಂಟ ಮೀನನ್ನು ಕೊನೆಗೂ ಬಿಡುವುದೇ ಸರಿಯಾದ ಕ್ರಮ.

ಎರಡನೆಯದು ಆಯ್ಕೆ. ಮೈಯ ಆಕಾರ, ಬಣ್ಣ, ಆಹಾರ, ತೊಟ್ಟಿಯಲ್ಲಿ ಓಡಾಡುವ ಮಟ್ಟ ಇವುಗಳಲ್ಲಿ ಒಂದನ್ನೊಂದು ಹೋಲದ ಮೀನುಗಳನ್ನು ಆರಿಸಿದರೆ ಪೈಪೋಟಿಗೆ ಎಡೆ ಕಡಿಮೆ: ತಳದ ಮರಳಿನಲ್ಲಿ ಬಿಲ ತೋಡುವ ಗೋಬಿಗೂ ನಡುನೀರಿನಲ್ಲಿ ಈಜುವ ಮೀನಿಗೂ ತಕರಾರು ಅಪರೂಪ. ಬಾಲದ ಬುಡದಲ್ಲಿ ಚೂರಿಯಂತಹ ಮುಳ್ಳನ್ನು ಹೊತ್ತ ಸರ್ಜನ್ ಮೀನುಗಳಿಗೆ ಈಜಲು ಬಹಳ ಜಾಗ ಬೇಕಾಗಿರುವುದರಿಂದ ಅವು ನಾಲ್ಕಡಿಯ ತೊಟ್ಟಿಗೆ ತಕ್ಕವಲ್ಲ.

ಮೂರನೆಯದು ನೋಟದ ಮರೆ. ಕಲ್ಲುಗಳನ್ನು ಹಿಂಬದಿಗೆ ಒಂದೇ ಗೋಡೆಯಂತೆ ಪೇರಿಸದೆ, ನಡುವೆ ತೆರಪು ಬಿಟ್ಟು ಎರಡು ಮೂರು ಗುಡ್ಡೆಗಳಾಗಿ ಜೋಡಿಸಿದರೆ ಒಂದು ಮೀನಿಗೆ ಇನ್ನೊಂದು ಸದಾ ಕಾಣುವುದಿಲ್ಲ. ಕಾಣದವನನ್ನು ಅಟ್ಟುವ ಪ್ರಶ್ನೆಯೇ ಬರುವುದಿಲ್ಲ. ಮೀನುಗಳ ಸಂಖ್ಯೆಗಿಂತ ಬಿಲಗಳು ಹೆಚ್ಚಿರಬೇಕು, ಮತ್ತು ಒಂದೊಂದು ಬಿಲಕ್ಕೂ ಎರಡು ಬಾಯಿಗಳಿದ್ದರೆ ಒಳಹೊಕ್ಕ ಮೀನು ಮೂಲೆಗೆ ಸಿಕ್ಕಿಬೀಳುವುದಿಲ್ಲ. ಹೊಸ ಮೀನು ಬರುವ ದಿನ ಕಲ್ಲುಗಳ ಜೋಡಣೆಯನ್ನೇ ಬದಲಿಸಿದರೆ ಹಳಬನೂ ಗುರುತು ತಪ್ಪಿ ಹೊಸಬನಂತಾಗುತ್ತಾನೆ. ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಹೊಸ ಮೀನನ್ನು ಇಟ್ಟು ಕೆಲವು ದಿನ ತೊಟ್ಟಿಯೊಳಗೇ ತೂಗುಹಾಕಿದರೆ, ಕಚ್ಚಲಾಗದ ಆ ನೆರೆಯವನಿಗೆ ಹಳಬನು ನಿಧಾನವಾಗಿ ಒಗ್ಗಿಕೊಳ್ಳುತ್ತಾನೆ. ಅವನು ಪೆಟ್ಟಿಗೆಯತ್ತ ನುಗ್ಗುವುದನ್ನು ಬಿಟ್ಟ ಮೇಲೆ, ದೀಪ ಆರಿಸಿದ ಹೊತ್ತಿನಲ್ಲಿ ಬಾಗಿಲು ತೆರೆಯಬೇಕು. ಗಾಜಿನ ಹೊರಗೆ ಕನ್ನಡಿ ಇಟ್ಟು ಜಗಳಗಂಟನ ಗಮನವನ್ನು ಅವನ ಪ್ರತಿಬಿಂಬದತ್ತ ಸೆಳೆಯುವ ಉಪಾಯವೂ ಬಳಕೆಯಲ್ಲಿದೆ; ಆದರೆ ಪ್ರತಿಬಿಂಬ ಎಂದೂ ಸೋತು ಓಡದಿರುವುದರಿಂದ ಕನ್ನಡಿಯನ್ನು ಬಹಳ ದಿನ ಇಡುವುದು ಒಳ್ಳೆಯದಲ್ಲ. ಇಷ್ಟಾದರೂ ಕಾಟ ನಿಲ್ಲದಿದ್ದರೆ ಹೊರತೆಗೆಯಬೇಕಾದುದು ಪೆಟ್ಟು ತಿಂದವನನ್ನಲ್ಲ, ಕೊಟ್ಟವನನ್ನು: ಕೆಲವು ದಿನ ಬೇರೆ ತೊಟ್ಟಿಯಲ್ಲಿದ್ದು ಮರಳಿದಾಗ ಅವನ ಮೊದಲಿಗತನ ಬೇರೆಯವರ ಪಾಲಾಗಿರುತ್ತದೆ.

ಎಲ್ಲರ ಮೆಚ್ಚಿನ ಕ್ಲೌನ್ ಮೀನಿನ ಸಂಗತಿ ಬೇರೆ, ಏಕೆಂದರೆ ಅದರದು ಶ್ರೇಣಿಯ ಬದುಕು. ಒಂದು ಕಡಲಹೂವಿನಲ್ಲಿ (ಸೀ ಅನಿಮೋನ್) ವಾಸಿಸುವ ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಸಂತಾನೋತ್ಪತ್ತಿಗೆ ತೊಡಗದ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಕಿರಿಯ ಮೀನುಗಳು ಮೇಲಿನವರಿಗೆ ಸಾಟಿಯಾಗದಂತೆ ತಮ್ಮ ಬೆಳವಣಿಗೆಯನ್ನೇ ತಡೆಹಿಡಿದು ಜಗಳವನ್ನು ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಪೀಟರ್ ಬಸ್ಟನ್ 2003ರಲ್ಲಿ ವಿವರಿಸಿದರು. ಹಾಗಾಗಿ ಸಮಗಾತ್ರದ ಎರಡು ಪ್ರೌಢ ಮೀನುಗಳನ್ನು ತರುವ ಬದಲು ಗಾತ್ರದಲ್ಲಿ ಸ್ಪಷ್ಟ ವ್ಯತ್ಯಾಸವಿರುವ ಎರಡು ಮರಿಗಳನ್ನು ತಂದರೆ ಜೋಡಿ ಸುಲಭವಾಗಿ ಕೂಡುತ್ತದೆ. ಕೂಡಿದ ಜೋಡಿಯ ನಡುವೆ ಮೂರನೆಯದನ್ನು ಬಿಡುವುದು ಆ ಮೀನನ್ನು ಬಲಿಕೊಟ್ಟಂತೆ.

ಬೇಸಿಗೆಯ ಪಾತ್ರ

ದಾವಣಗೆರೆ, ಹರಿಹರಗಳಂತಹ ಬಯಲುಸೀಮೆಯ ಊರುಗಳಲ್ಲಿ ಇನ್ನೊಂದು ಅಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅದು ಮಾರ್ಚ್‌ನಿಂದ ಮೇವರೆಗಿನ ಬಿಸಿಲು. ಆಸ್ಟ್ರೇಲಿಯಾದ ಹವಳದ ದಿಬ್ಬದ ಡ್ಯಾಮ್ಸೆಲ್ ಮರಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೀರಿನ ಉಷ್ಣತೆ ಕೆಲವೇ ಡಿಗ್ರಿ ಏರಿದರೂ ಮೀನುಗಳ ಚಟುವಟಿಕೆ, ಧೈರ್ಯ ಮತ್ತು ಆಕ್ರಮಣಶೀಲತೆ ಏರುವುದು ಕಂಡುಬಂದಿತು. ಬಿಸಿಯೇರಿದ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ, ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು. ಅಟ್ಟಿಸಿಕೊಂಡು ಓಡುವ ಮೀನಿಗಂತೂ ಇದು ಇಮ್ಮಡಿ ಹೊಡೆತ. ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ಆವಿಯಾಗುವಿಕೆಯಿಂದ ನೀರು ತಂಪಾಗುತ್ತದೆ, ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ಉಪ್ಪುನೀರಿನಿಂದಲ್ಲದೆ ಸಿಹಿನೀರಿನಿಂದಲೇ ದಿನದಿನವೂ ತುಂಬಿಸಬೇಕು. ಕರೆಂಟು ಹೋದಾಗ ಗಾಳಿ ಊದಲು ಬ್ಯಾಟರಿಯ ಪಂಪೊಂದು ಸದಾ ಸಿದ್ಧವಿರಬೇಕು.

ಸೋತ ಮೀನು ಎಲ್ಲಿಗೆ?

ಕಡಲ ಮೀನು ಕೊಳ್ಳುವಾಗ ಅದು ಎಲ್ಲಿಂದ ಬಂದಿದೆ ಎಂದು ಕೇಳುವುದೂ ಮುಖ್ಯ. ಕ್ಲೌನ್ ಮತ್ತು ಡ್ಯಾಮ್ಸೆಲ್‌ಗಳ ಹಲವು ಜಾತಿಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿರುವುದರಿಂದ ದಿಬ್ಬದಿಂದ ಹಿಡಿದ ಮೀನನ್ನೇ ಕೊಳ್ಳಬೇಕಾದ ಅನಿವಾರ್ಯತೆ ಇಲ್ಲ. ದಿಬ್ಬ ಕಟ್ಟುವ ಹವಳಗಳಿಗೂ ಕಡಲಕುದುರೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ 2001ರಿಂದ ಇರುವುದರಿಂದ ಅವನ್ನು ಕೊಳ್ಳುವುದಾಗಲೀ ಮಾರುವುದಾಗಲೀ ಅಪರಾಧ. ಬಿಲಗಳನ್ನು ಕಟ್ಟಲು ಒಣಕಲ್ಲು ಅಥವಾ ಸುಟ್ಟ ಮಣ್ಣಿನ ತುಂಡುಗಳೇ ಸಾಕು.

ಜಗಳಗಂಟ ಮೀನನ್ನು ತುಂಗಭದ್ರೆಗೋ ಕೆರೆಗೋ ಬಿಟ್ಟು ಕೈತೊಳೆದುಕೊಳ್ಳುವುದು ಪರಿಹಾರವಲ್ಲ. ಕಡಲ ಮೀನಿನ ದೇಹ ಉಪ್ಪುನೀರನ್ನು ಕುಡಿದು ಕಿವಿರುಗಳ ಮೂಲಕ ಉಪ್ಪನ್ನು ಹೊರಹಾಕುವಂತೆ ರಚನೆಗೊಂಡಿರುತ್ತದೆ. ಸಿಹಿನೀರಿಗೆ ಬಿದ್ದೊಡನೆ ನೀರು ತಾನಾಗಿ ಅದರ ಮೈಯೊಳಗೆ ನುಗ್ಗಿ, ರಕ್ತದ ಲವಣಾಂಶ ಕುಸಿದು, ಅದು ನರಳಿ ಸಾಯುತ್ತದೆ. ಸಿಹಿನೀರಿನ ಅಕ್ವೇರಿಯಂ ಮೀನನ್ನು ಬಿಟ್ಟರೆ ಇದಕ್ಕೆ ವಿರುದ್ಧವಾದ ಅಪಾಯವಿದೆ, ಅದು ಬದುಕಿ ಬೆಳೆದೀತು. ಹೊರಗಿನಿಂದ ಬಂದ ಜಿಲೇಬಿ ಮೀನು ನಮ್ಮ ಕೆರೆಗಳನ್ನು ಹೇಗೆ ತುಂಬಿಕೊಂಡಿತೆಂಬುದು ಕಣ್ಣೆದುರಿಗೇ ಇದೆ. ಸೋತವರಿಗೆ ಕಡಲು ಕೊಡುವ ಓಡುದಾರಿಯನ್ನು ತೊಟ್ಟಿಯಲ್ಲಿ ಸಾಕುವವರೇ ಒದಗಿಸಬೇಕಾಗಿದೆ. ಆದ್ದರಿಂದ ದಾವಣಗೆರೆಯಲ್ಲಾಗಲೀ ಹರಿಹರದಲ್ಲಾಗಲೀ ಕಡಲ ಮೀನು ಸಾಕಲು ಹೊರಟವರು 200 ಲೀಟರ್ ನೀರಿಗೆ ನಾಲ್ಕೈದು ಸಣ್ಣ ಮೀನುಗಳೆಂಬ ಮಿತಿಯನ್ನು ಹಾಕಿಕೊಂಡು, ಮೊದಲ ಮೀನನ್ನು ಕೊಳ್ಳುವ ಮುನ್ನವೇ ಎರಡನೆಯ ತೊಟ್ಟಿಯೊಂದನ್ನು ಸಿದ್ಧಪಡಿಸಿಟ್ಟುಕೊಳ್ಳುವುದು ಒಳ್ಳೆಯದು.