ಬೀಳುವ ಹನಿಯ ಜವವನ್ನು ಅಡಿಪಟ್ಟಿಯಲ್ಲಿ ಅಳೆಯುವುದು

ಜವ ಎಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು ಎಂಬುದನ್ನು ಒಂಬತ್ತನೇ ತರಗತಿಯ ಮಕ್ಕಳು ಬೇಗ ಕಲಿಯುತ್ತಾರೆ. ಹುಬ್ಬಳ್ಳಿಗೆ ಹೋಗುವ ಬಸ್ಸಿನ ಲೆಕ್ಕ ಕೊಟ್ಟರೆ ತಪ್ಪಿಲ್ಲದೆ ಮಾಡುತ್ತಾರೆ. ಆದರೆ ಸೂರಿನಿಂದ ಬೀಳುತ್ತಿರುವ ಹನಿಯನ್ನು ತೋರಿಸಿ, 'ಅರ್ಧ ಮೀಟರ್ ಕೆಳಗೆ ಬಂದಾಗ ಇದರ ಜವ ಎಷ್ಟು?' ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಹನಿಯ ಜವ ಪ್ರತಿ ಗಳಿಗೆಗೂ ಬದಲಾಗುತ್ತಿದೆ. ಒಂದು ಕ್ಷಣದಲ್ಲಿ ದೂರವೇ ಇಲ್ಲವಲ್ಲ, ಯಾವುದನ್ನು ಯಾವುದರಿಂದ ಭಾಗಿಸುವುದು? ಮಕ್ಕಳ ಈ ಮೌನಕ್ಕೆ ಕಾರಣವಿದೆ, ಅದು ಸೋಮಾರಿತನವಲ್ಲ. ಹರಿಯುವ ನೀರಿನ ಛಾಯಾಚಿತ್ರವನ್ನು ಬೇರೆ ಬೇರೆ ಶಟರ್ ಸ್ಪೀಡಿನಲ್ಲಿ ತೆಗೆದರೆ ಈ ಪ್ರಶ್ನೆಗೆ ಅಡಿಪಟ್ಟಿಯಲ್ಲೇ ಉತ್ತರ ಸಿಗುತ್ತದೆ. ಬೋಧನಾಭ್ಯಾಸದ ಎರಡು ಅವಧಿಗಳಲ್ಲಿ ನಾನು ಇದನ್ನು ಮಾಡಿದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ನನಗೆ ಸಿಕ್ಕ ಶಾಲೆ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತಲಿನ ಹಳ್ಳಿಗಳಿಂದ, ಗೌಳಿ ದಡ್ಡಿಗಳಿಂದ ಮಕ್ಕಳು ಬರುತ್ತಾರೆ. ನಮ್ಮ ಜಿಲ್ಲೆಯ ನೀರಿನ ಚಿತ್ರಗಳನ್ನು ಅವರೆಲ್ಲ ನೋಡಿದವರೇ. ಕ್ಯಾಲೆಂಡರಿನಲ್ಲಿ ಮಾಗೋಡು, ಸಾತೊಡ್ಡಿ ಜಲಪಾತಗಳು ಹಾಲು ಸುರಿದಂತೆ ನುಣ್ಣಗೆ ಇರುತ್ತವೆ. ದಾಂಡೇಲಿಯ ರಾಫ್ಟಿಂಗ್ ಜಾಹೀರಾತಿನಲ್ಲಿ ಕಾಳಿ ನದಿಯ ನೀರು ಗಾಜಿನ ಚೂರುಗಳಂತೆ ಗಾಳಿಯಲ್ಲಿ ನಿಂತಿರುತ್ತದೆ. ಪೀಠಿಕೆಗೆಂದು ಇಂಥ ಎರಡು ಚಿತ್ರ ತೋರಿಸಿ ಯಾವುದು ನಿಜವಾದ ನೀರು ಎಂದು ಕೇಳಿದೆ. ಗೌಳಿಯರ ಮನೆಯ ಹುಡುಗನೊಬ್ಬ ಜಲಪಾತದ ಚಿತ್ರವನ್ನು ನೋಡಿ, "ಇದು ಖರೇ ನೀರಲ್ರಿ ಟೀಚರ್. ಹಾಲೂ ಹಿಂಗ ಬೀಳಂಗಿಲ್ಲ" ಎಂದ. ದಿನಾ ಹಾಲು ಸುರಿಯುವುದನ್ನು ನೋಡುವವನ ಮಾತು! ಕಂಪ್ಯೂಟರಿನಲ್ಲಿ ಬದಲಾಯಿಸಿದ ಚಿತ್ರ ಎಂಬುದು ಹೆಚ್ಚಿನವರ ಅಭಿಪ್ರಾಯವಾಗಿತ್ತು. ಎರಡೂ ನಿಜವೇ, ಶಟರ್ ತೆರೆದಿದ್ದ ಹೊತ್ತು ಮಾತ್ರ ಬೇರೆ ಎಂಬಲ್ಲಿಂದ ಪಾಠ ಶುರುವಾಯಿತು.

ಇಲ್ಲಿ ಪದದ ತೊಡಕೊಂದಿದೆ. ನಮ್ಮ ಪಠ್ಯಪುಸ್ತಕದಲ್ಲಿ ಸ್ಪೀಡ್ ಎಂದರೆ ಜವ. ಆದ್ದರಿಂದ 'ಶಟರ್ ಸ್ಪೀಡ್' ಎಂದ ಕೂಡಲೇ ಮಕ್ಕಳು ಅದನ್ನು ಶಟರಿನ ಜವ ಎಂದುಕೊಳ್ಳುತ್ತಾರೆ. ಅದು ಜವವಲ್ಲ, ಕಾಲ. ಫೋನಿನಲ್ಲಿ ಬರುವ 1/60 ಎಂದರೆ ಒಂದು ಸೆಕೆಂಡಿನ ಅರವತ್ತನೇ ಒಂದು ಪಾಲು ಬೆಳಕನ್ನು ಒಳಗೆ ಬಿಟ್ಟುಕೊಂಡಿತು ಎಂದರ್ಥ. ಮಕ್ಕಳಿಗೆ ಶಟರ್ ಎಂದರೆ ಮುಂಡಗೋಡ ಪೇಟೆಯ ಅಂಗಡಿಯ ಶಟರ್. ಅದೇ ಒಳ್ಳೆಯ ಉದಾಹರಣೆ. ಶಟರ್ ಎತ್ತಿ ಇಳಿಸುವುದರೊಳಗೆ ಎದುರಿನ ರಸ್ತೆಯಲ್ಲಿ ಸೈಕಲ್ ಎಷ್ಟು ದೂರ ಹೋಯಿತೋ ಅಷ್ಟು ಮಾತ್ರ ಒಳಗಿದ್ದವರಿಗೆ ಕಾಣುತ್ತದೆ. ಫೋನಿನಲ್ಲಿ ನಿಜವಾದ ಬಾಗಿಲೇನೂ ಇಲ್ಲ, ಬೆಳಕನ್ನು ಗ್ರಹಿಸುವ ಸೆನ್ಸರ್ ಅಷ್ಟು ಹೊತ್ತು ಮಾತ್ರ ಎಣಿಸುತ್ತದೆ. ನಾನು ತರಗತಿಯಲ್ಲಿ ಕೊನೆಯವರೆಗೂ 'ತೆರೆದಿದ್ದ ಹೊತ್ತು' ಎಂದೇ ಹೇಳಿದೆ. ಇಂಗ್ಲಿಷ್ ಪದವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಒಮ್ಮೆ ಬರೆದರೆ ಸಾಕು.

ಇನ್ನೊಂದು ತೊಡಕು ಭಿನ್ನರಾಶಿಯದು. 1/1000 ದೊಡ್ಡದೋ 1/4 ದೊಡ್ಡದೋ ಎಂದು ಕೇಳಿದರೆ ಒಂಬತ್ತನೇ ತರಗತಿಯಲ್ಲೂ ನಾಲ್ಕೈದು ಕೈಗಳು ಸಾವಿರದ ಕಡೆಗೆ ಏಳುತ್ತವೆ. ಇದಕ್ಕೆ ನನ್ನ ನೆರವಿಗೆ ಬಂದದ್ದು ಕಾಲೊನಿಯ ಪ್ರಾರ್ಥನಾ ಚಕ್ರ. 1966ರಲ್ಲಿ ಆಗಿನ ಮೈಸೂರು ರಾಜ್ಯ ನೀಡಿದ ಜಾಗದಲ್ಲಿ ನೆಲೆಸಿದ ಈ ಕಾಲೊನಿಯಲ್ಲಿ ದ್ರೆಪುಂಗ್, ಗಾಂದೆನ್ ಮಠಗಳಿವೆ. ಚಕ್ರಗಳನ್ನು ತಿರುಗಿಸುತ್ತ ಹೋಗುವ ಹಿರಿಯರನ್ನು ನೋಡದ ಮಗು ನಮ್ಮ ತರಗತಿಯಲ್ಲಿಲ್ಲ. ಅನುಮತಿ ಕೇಳಿ ಒಂದು ಚಕ್ರದ ಚಿತ್ರಗಳನ್ನು ತೆಗೆದುಕೊಂಡೆ. ಸೆಕೆಂಡಿಗೆ ಒಂದು ಸುತ್ತು ತಿರುಗುವ, 15 ಸೆಂ.ಮೀ. ತ್ರಿಜ್ಯದ ಚಕ್ರದ ಅಂಚು ಸೆಕೆಂಡಿಗೆ ಸುಮಾರು 94 ಸೆಂ.ಮೀ. ಸಾಗುತ್ತದೆ. 1/1000ರಲ್ಲಿ ಅದು ಒಂದು ಮಿಲಿಮೀಟರಿನಷ್ಟೂ ಕದಲುವುದಿಲ್ಲ, ಮಂತ್ರದ ಅಕ್ಷರಗಳು ಸ್ಪಷ್ಟ. 1/15ರಲ್ಲಿ 6 ಸೆಂ.ಮೀ. ಸಾಗಿ ಅಕ್ಷರಗಳು ಅಳಿಸಿಹೋಗಿ ಬಂಗಾರದ ಪಟ್ಟಿ ಮಾತ್ರ ಉಳಿಯುತ್ತದೆ. ಚಿತ್ರ ನೋಡಿದ ಮೇಲೆ ಯಾವ ಹೊತ್ತು ದೊಡ್ಡದು ಎಂದು ಯಾರೂ ಮತ್ತೆ ಕೇಳಲಿಲ್ಲ. (ಹಿಮಾಲಯದ ಕಡೆ ಹರಿಯುವ ನೀರೇ ತಿರುಗಿಸುವ ಪ್ರಾರ್ಥನಾ ಚಕ್ರಗಳೂ ಇವೆ. ಅದು ನನ್ನ ಪಾಠಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತಿತ್ತು.)

ಈಗ ನೀರು. ಮಕ್ಕಳನ್ನು ನದಿಗೆ ಕರೆದೊಯ್ಯುವ ಯೋಚನೆಯನ್ನು ಯಾರೂ ಮಾಡಬಾರದು. ಕಾಳಿಯಲ್ಲಿ ವಿದ್ಯುತ್ ಉತ್ಪಾದನೆಗೆ ಮೇಲಿನಿಂದ ನೀರು ಬಿಟ್ಟಾಗ ಮಟ್ಟ ಇದ್ದಕ್ಕಿದ್ದಂತೆ ಏರುತ್ತದೆ. ಶಾಲೆಯ ವರಾಂಡವೇ ಸಾಕು. ಔಷಧ ಅಂಗಡಿಯಲ್ಲಿ ಸಿಗುವ ಹೊಸ ಸಲೈನ್ ನಳಿಕೆಯ ಸೂಜಿ ತೆಗೆದುಹಾಕಿ, ನೀರಿನ ಬಾಟಲಿಗೆ ಸೇರಿಸಿ ಕಿಟಕಿಯ ಸರಳಿಗೆ ಕಟ್ಟಿದೆ. ಅದರ ಗಾಲಿ ತಿರುಗಿಸಿದರೆ ಹನಿ ಎಷ್ಟು ಬೇಕೋ ಅಷ್ಟು ನಿಧಾನಕ್ಕೆ ಬೀಳುತ್ತದೆ. ಹಿಂದೆ ಕಪ್ಪು ಬಟ್ಟೆ, ಹನಿಯ ಪಕ್ಕದಲ್ಲೇ ನೇತುಬಿಟ್ಟ ಮೀಟರ್ ಪಟ್ಟಿ. ಪಟ್ಟಿಯನ್ನು ಹಿಂದಿನ ಗೋಡೆಗೆ ಒರಗಿಸಿಟ್ಟರೆ ಅಳತೆ ಕೆಡುತ್ತದೆ, ಹನಿ ಮತ್ತು ಪಟ್ಟಿ ಕ್ಯಾಮೆರಾದಿಂದ ಒಂದೇ ದೂರದಲ್ಲಿರಬೇಕು. ಫೋನನ್ನು ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿ 'ಪ್ರೊ' ಕ್ರಮದಲ್ಲಿ 1/60ಕ್ಕೆ ನಿಲ್ಲಿಸಿದೆ. ಮೂವತ್ತು ಚಿತ್ರ ತೆಗೆದರೆ ಐದಾರು ಚಿತ್ರಗಳಲ್ಲಿ ಹನಿ ಸರಿಯಾದ ಜಾಗದಲ್ಲಿ ಸಿಗುತ್ತದೆ.

ಬೆಳಕಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಬಿಸಿಲಿನಲ್ಲಿ ಹೊತ್ತು ಹೆಚ್ಚಿಸಿದರೆ ಚಿತ್ರ ಬಿಳಿಯ ಹಾಳೆಯಾಗುತ್ತದೆ. ಫೋನಿನ ಮಸೂರದ ತೂತು ಸಾಮಾನ್ಯವಾಗಿ ಒಂದೇ ಅಳತೆಯದು, ಕಿರಿದು ಮಾಡಲು ಬರುವುದಿಲ್ಲ. ನಡುಹಗಲಿನ ಬಿಸಿಲಿಗೆ ಅಂಥ ಫೋನಿಗೆ ಸುಮಾರು 1/8000 ಸೆಕೆಂಡು ಸಾಕು. 1/4 ಸೆಕೆಂಡು ತೆರೆದಿಟ್ಟರೆ ಬೇಕಾದ್ದಕ್ಕಿಂತ 2000 ಪಟ್ಟು ಬೆಳಕು! ಮಸೂರದ ಮುಂದೆ ತಂಪು ಕನ್ನಡಕ ಹಿಡಿದರೂ ಇದು ತೀರುವುದಿಲ್ಲ. ಛಾಯಾಗ್ರಾಹಕರು ಕಪ್ಪು ಫಿಲ್ಟರ್ ಹಾಕುತ್ತಾರೆ. ನಮಗೆ ಮೋಡದ ಬೆಳಗು, ಸಂಜೆಯ ಹೊತ್ತು ಅಥವಾ ವರಾಂಡದ ನೆರಳು, ಜೊತೆಗೆ ಐಎಸ್ಒ ಸಂಖ್ಯೆಯನ್ನು ಅತಿ ಕಡಿಮೆಗೆ ಇಳಿಸುವುದು, ಇಷ್ಟೇ ದಾರಿ.

ಶಾಲೆಯಲ್ಲಿ ಮಕ್ಕಳ ಕೈಗೆ ಫೋನ್ ಕೊಡುವಂತಿಲ್ಲ, ಇದ್ದದ್ದೂ ನನ್ನದೊಂದೇ. ಹಾಗಾಗಿ ಚಿತ್ರಗಳನ್ನು ಫೋಟೊ ಸ್ಟುಡಿಯೊದಲ್ಲಿ ಮುದ್ರಿಸಿ ಗುಂಪಿಗೆ ಎರಡರಂತೆ ಹಂಚಿದೆ. ಒಂದರಲ್ಲಿ ಹನಿ ನಳಿಕೆಯಿಂದ 20 ಸೆಂ.ಮೀ. ಕೆಳಗೆ, ಇನ್ನೊಂದರಲ್ಲಿ 80 ಸೆಂ.ಮೀ. ಕೆಳಗೆ. ಎರಡರಲ್ಲೂ ಹನಿ ಗುಂಡಗಿಲ್ಲ, ಬೆಳ್ಳಗಿನ ಗೆರೆಯಾಗಿದೆ. ಆ ಗೆರೆಯ ಉದ್ದವೇ 1/60 ಸೆಕೆಂಡಿನಲ್ಲಿ ಹನಿ ಸಾಗಿದ ದೂರ. 60ರಿಂದ ಗುಣಿಸಿದರೆ ಜವ. 'ಕ್ಷಣದ ಜವ' ಎಂಬುದು ಬಹಳ ಚಿಕ್ಕ ಕಾಲದ ಸರಾಸರಿ ಜವ ಎಂಬ ಮಾತನ್ನು ನಾನು ಬಾಯಲ್ಲಿ ಹೇಳಬೇಕಾಗಲಿಲ್ಲ. ಆ ಚಿಕ್ಕ ಕಾಲದೊಳಗೂ ಜವ ಏರುತ್ತದೆ, ಆದರೆ ಸೆಕೆಂಡಿಗೆ 16 ಸೆಂ.ಮೀ.ನಷ್ಟು ಮಾತ್ರ. ನಮ್ಮ ಪಟ್ಟಿಗೆ ಅದು ಸಿಕ್ಕುವುದಿಲ್ಲ.

ಮೂರನೇ ಚಲನೆಯ ಸಮೀಕರಣದಂತೆ 20 ಸೆಂ.ಮೀ. ಬಿದ್ದ ಹನಿಯ ಜವ ಸೆಕೆಂಡಿಗೆ 1.98 ಮೀಟರ್, ಗೆರೆ 3.3 ಸೆಂ.ಮೀ. ಇರಬೇಕು. 80 ಸೆಂ.ಮೀ. ಬಿದ್ದದ್ದಕ್ಕೆ ಜವ 3.96, ಗೆರೆ 6.6 ಸೆಂ.ಮೀ. ಎತ್ತರ ನಾಲ್ಕು ಪಟ್ಟಾದರೆ ಜವ ಎರಡೇ ಪಟ್ಟು. ಮಕ್ಕಳ ಅಳತೆ ಮಾತ್ರ ಹೆಚ್ಚೂಕಡಿಮೆ 3.8 ಮತ್ತು 7.1 ಎಂದು ಬಂತು. ಎರಡರಲ್ಲೂ ಅರ್ಧ ಸೆಂ.ಮೀ. ಹೆಚ್ಚು. ಕೈತಪ್ಪಿನ ಅಳತೆಯಾಗಿದ್ದರೆ ಒಂದು ಹೆಚ್ಚು ಒಂದು ಕಡಿಮೆ ಬರಬೇಕಿತ್ತಲ್ಲ ಎಂದು ಕೇಳಿ ಬಿಟ್ಟೆ. ಐದು ನಿಮಿಷದ ಮೇಲೆ ಹಿಂದಿನ ಬೆಂಚಿನ ಹುಡುಗಿ 1/1000ರ ಚಿತ್ರವನ್ನು ಕೇಳಿ ಪಡೆದು, ಅದರಲ್ಲಿ ನಿಂತಂತಿದ್ದ ಹನಿಯನ್ನು ಅಳೆದಳು. ಹನಿಯ ದಪ್ಪವೇ ಸುಮಾರು ಅರ್ಧ ಸೆಂ.ಮೀ. ಅದನ್ನು ಕಳೆಯಬೇಕೆಂದು ಅವಳೇ ಹೇಳಿದಳು.

ಸಹ ಪ್ರಶಿಕ್ಷಣಾರ್ಥಿಯೊಬ್ಬರು ವೀಕ್ಷಣಾ ನಮೂನೆಯಲ್ಲಿ 'ಕ್ಯಾಮೆರಾದ ವಿವರ ಹೆಚ್ಚಾಯಿತು, ಸಮೀಕರಣದ ಅಭ್ಯಾಸ ಕಡಿಮೆಯಾಯಿತು' ಎಂದು ಬರೆದರು. ನಲವತ್ತು ನಿಮಿಷದ ಅವಧಿಯಲ್ಲಿ ಇದು ಗಂಭೀರ ಆಕ್ಷೇಪವೇ. ಆದರೆ ಐದು ಲೆಕ್ಕ ಬಿಡಿಸಿದ್ದರೆ ಆ ಅರ್ಧ ಸೆಂ.ಮೀ. ಎಲ್ಲೂ ಬರುತ್ತಿರಲಿಲ್ಲ, ಪುಸ್ತಕದ ಹನಿಗೆ ದಪ್ಪವೇ ಇಲ್ಲ. ಕಣ್ಣನ್ನು ನಂಬದೆ ಚಿತ್ರವನ್ನು ಅಳೆಯುವುದೂ ವಿಜ್ಞಾನದ ಪಾಠವೇ. ಇಂಗ್ಲೆಂಡಿನ ಆರ್ಥರ್ ವರ್ದಿಂಗ್ಟನ್ ಹನಿ ಚಿಮ್ಮುವುದನ್ನು ವರ್ಷಗಟ್ಟಲೆ ಕಣ್ಣಿನಿಂದ ನೋಡಿ ಚಿತ್ರ ಬರೆದವರು. ಅವರ ಚಿತ್ರಗಳಲ್ಲಿ ಚಿಮ್ಮಿದ ನೀರು ಹೂವಿನಂತೆ ಸಮಸಮವಾಗಿತ್ತು. 1890ರ ದಶಕದಲ್ಲಿ ಅದರ ಛಾಯಾಚಿತ್ರ ತೆಗೆದಾಗ ಸಮತೆ ಕಾಣಲಿಲ್ಲ, ಒಂದೊಂದು ಎಸಳೂ ಸೊಟ್ಟಗೆ! ನಲ್ಲಿಯ ಸಣ್ಣ ಧಾರೆಯೂ ಹಾಗೆಯೇ. ಕಣ್ಣಿಗೆ ಕೆಳಗಿನವರೆಗೂ ಒಂದೇ ದಾರದಂತೆ ಕಂಡರೂ 1/1000ರ ಚಿತ್ರದಲ್ಲಿ ಕೆಳಭಾಗ ಬಿಡಿಬಿಡಿ ಹನಿ. ಧಾರೆ ಒಡೆಯುವುದನ್ನು ಫ್ರಾನ್ಸಿನ ಫೆಲಿಕ್ಸ್ ಸವಾರ್ 1833ರಲ್ಲೇ ವಿವರಿಸಿದ್ದರು. ಹಾಲು ಹೀಗೆ ಬೀಳುವುದಿಲ್ಲ ಎಂದ ಹುಡುಗನಿಗೆ ಈ ಚಿತ್ರ ತೋರಿಸಿದಾಗ, "ನಾ ಮೊದಲs ಹೇಳಿದ್ದೆ" ಎಂದ. ಆದರೂ ದೂಧಸಾಗರಕ್ಕೆ ಆ ಹೆಸರಿಟ್ಟವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ನಮ್ಮ ಕಣ್ಣೂ ಒಂದಿಷ್ಟು ಹೊತ್ತು ತೆರೆದಿರುವ ಶಟರೇ ಎಂದು ನನಗನ್ನಿಸುತ್ತದೆ.

ಎರಡನೇ ಅವಧಿಯ ದಿನ ಮಳೆ ಕವಿದು ಕೋಣೆ ಕತ್ತಲಾಯಿತು. ಎಲ್‌ಇಡಿ ಬಲ್ಬ್ ಹಾಕಿ 1/15ರಲ್ಲಿ ತೆಗೆದ ಚಿತ್ರದಲ್ಲಿ ಗೆರೆ ಆರೇಳು ತುಂಡಾಗಿ ಬಂತು. ನಮ್ಮ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್, ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ತುಂಡಿನಿಂದ ತುಂಡಿಗೆ 1/100 ಸೆಕೆಂಡು. 20 ಸೆಂ.ಮೀ. ಎತ್ತರದಲ್ಲಿ ತುಂಡುಗಳ ಅಂತರ ಸುಮಾರು 2 ಸೆಂ.ಮೀ., 80ರಲ್ಲಿ ಸುಮಾರು 4. ವೇಗೋತ್ಕರ್ಷ ಒಂದೇ ಚಿತ್ರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಫೋನು ತೋರಿಸುವ 1/15 ನಿಜವೇ ಎಂದು ಪರೀಕ್ಷಿಸಲೂ ಇದು ಆಗುತ್ತದೆ. ಎಲ್ಲ ಬಲ್ಬುಗಳೂ ಹೀಗೆ ಮಿನುಗುವುದಿಲ್ಲವಾದ್ದರಿಂದ ಮೊದಲೇ ನೋಡಿಟ್ಟುಕೊಳ್ಳಬೇಕು. ಫೋನಿನ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಗೆರೆಯ ಉದ್ದದಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಫೋನನ್ನು ಒಮ್ಮೆ ಅಡ್ಡ, ಒಮ್ಮೆ ಉದ್ದ ಹಿಡಿದು ಹೋಲಿಸಿದರೆ ಗೊತ್ತಾಗುತ್ತದೆ.

ಮುಂದಿನ ಚಟುವಟಿಕೆಯಾಗಿ ಗೋವಿನಜೋಳದ ಹೊಲದ ಪಕ್ಕದ ಮೊಣಕಾಲಿಗೂ ಬಾರದ ಕಾಲುವೆಯ ಚಿತ್ರಗಳನ್ನು ಸಂಜೆ ನಾನೇ ತೆಗೆದು ತಂದೆ. ನೀರಿನ ಮೇಲೆ ಒಂದು ಹಿಡಿ ಚುರುಮುರಿ ಎರಚಿ, ಮೇಲಿನಿಂದ 1/4 ಸೆಕೆಂಡಿನಲ್ಲಿ ತೆಗೆದದ್ದು. ಒಂದೊಂದು ಚುರುಮುರಿಯೂ ಒಂದೊಂದು ಗೆರೆ. ನಡುವಿನಲ್ಲಿ ಉದ್ದ, ದಂಡೆಯ ಹತ್ತಿರ ಮೋಟು. ನೀರು ಒಂದೇ, ಜವ ಯಾಕೆ ಬೇರೆ ಎಂದು ಮಕ್ಕಳು ಕೇಳಿದಾಗ ಗಂಟೆ ಹೊಡೆಯಿತು. ಆ ಪ್ರಶ್ನೆ ಈಗ ತರಗತಿಯ ಕಪ್ಪುಹಲಗೆಯ ಮೂಲೆಯಲ್ಲಿದೆ, ಒರೆಸಬೇಡಿ ಎಂದು ಕೆಳಗೆ ಬರೆದಿದ್ದಾರೆ.