ಕಾವಲುಗೋಡೆಯ ಬಿರುಕು

ಗೋಡೆಯಿಲ್ಲದ ಊರು ರಾತ್ರಿಯೆಲ್ಲ ಎಚ್ಚರವಾಗಿರುತ್ತದೆ; ಬಿರುಕುಬಿಟ್ಟ ಗೋಡೆಯನ್ನು ನಂಬಿದ ಊರು ನಿಶ್ಚಿಂತೆಯಿಂದ ನಿದ್ರಿಸುತ್ತದೆ. ಅಪಾಯವು ಎರಡನೆಯದಕ್ಕೇ ಹೆಚ್ಚು. ಗಣಕಜಾಲಗಳ ಲೋಕದಲ್ಲಿ ಈ ಮಾತಿಗೆ 2024ರಲ್ಲಿ ನಡೆದ ಒಂದು ಪ್ರಸಂಗವು ಉತ್ತಮ ನಿದರ್ಶನವಾಗಿದೆ.

ಸಂಸ್ಥೆಯೊಂದರ ಒಳಜಾಲಕ್ಕೂ ಹೊರಗಿನ ಅಂತರಜಾಲಕ್ಕೂ ನಡುವೆ ನಿಂತು, ಬರುವ ಹೋಗುವ ಸಂದೇಶಗಳನ್ನು ನಿಯಮಾನುಸಾರ ಪರೀಕ್ಷಿಸಿ, ಯೋಗ್ಯವಾದುದನ್ನು ಬಿಟ್ಟು ಅಯೋಗ್ಯವಾದುದನ್ನು ತಡೆಯುವ ವ್ಯವಸ್ಥೆಗೆ ಫೈರ್‌ವಾಲ್ ಎಂದು ಹೆಸರು. ಹೆಸರಿಗೆ ಅದು ಗೋಡೆ, ಕಾರ್ಯದಲ್ಲಿ ದ್ವಾರಪಾಲಕ. ಆ ದ್ವಾರಪಾಲಕನೂ ಮನುಷ್ಯರು ರಚಿಸಿದ ತಂತ್ರಾಂಶವೇ ಆದುದರಿಂದ ಮಾನವಸಹಜವಾದ ಪ್ರಮಾದಗಳಿಗೆ ಹೊರತಾದುದಲ್ಲ.

ಅಮೆರಿಕದ ಪಾಲೋ ಆಲ್ಟೋ ನೆಟ್‌ವರ್ಕ್ಸ್ ಸಂಸ್ಥೆಯ ಫೈರ್‌ವಾಲ್‌ಗಳನ್ನು ನಡೆಸುವ ತಂತ್ರಾಂಶ ಪ್ಯಾನ್-ಓಎಸ್. ದೂರದಲ್ಲಿರುವ ನೌಕರರು ಒಳಜಾಲವನ್ನು ಸೇರಲು ಅದರಲ್ಲಿ ಗ್ಲೋಬಲ್‌ಪ್ರೊಟೆಕ್ಟ್ ಎಂಬ ದ್ವಾರವುಂಟು. 2024ರ ಏಪ್ರಿಲ್ 10ರಂದು ವೊಲೆಕ್ಸಿಟಿ ಎಂಬ ಭದ್ರತಾ ಸಂಸ್ಥೆಯು ಈ ದ್ವಾರದ ಮೂಲಕವೇ ನಡೆಯುತ್ತಿದ್ದ ಆಕ್ರಮಣವನ್ನು ಗುರುತಿಸಿತು. ಹಿಂದಿನ ದಾಖಲೆಗಳನ್ನು ಶೋಧಿಸಲಾಗಿ, ಮಾರ್ಚ್ 26ರಿಂದಲೇ ಪ್ರಯತ್ನಗಳು ನಡೆದಿದ್ದುವೆಂದು ತಿಳಿಯಿತು. ಏಪ್ರಿಲ್ 12ರಂದು ತಯಾರಕರು ಈ ನ್ಯೂನತೆಯನ್ನು ಸಿವಿಇ-2024-3400 ಎಂಬ ಸಂಖ್ಯೆಯಿಂದ ಪ್ರಕಟಪಡಿಸಿದರು. ತೀವ್ರತೆಯ ಮಾಪನದಲ್ಲಿ ಅದಕ್ಕೆ ದೊರೆತುದು ಹತ್ತಕ್ಕೆ ಹತ್ತು.

ನ್ಯೂನತೆಯ ಸ್ವರೂಪವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಬಾಗಿಲಲ್ಲಿರುವ ದಾಖಲೆ ಪುಸ್ತಕದಲ್ಲಿ ಬಂದವನು ತನ್ನ ಹೆಸರಿಗೆ ಬದಲಾಗಿ 'ಭಂಡಾರದ ಬೀಗ ತೆರೆ' ಎಂದು ಬರೆದನೆನ್ನೋಣ. ಕಾವಲುಗಾರನು ಅದನ್ನು ಪರೀಕ್ಷಿಸಲಿಲ್ಲ. ಬಳಿಕ ಆ ಪುಸ್ತಕವನ್ನು ಓದಿದ ಸೇವಕನು, ಅದು ಯಜಮಾನನ ಅಪ್ಪಣೆಯೆಂದೇ ಭಾವಿಸಿ ಬೀಗ ತೆರೆದನು. ಇಲ್ಲಿ ನಡೆದುದೂ ಇದೇ. ಹೊರಗಿನವನು ಕಳುಹಿಸಿದ ಗುರುತುಪದವನ್ನು ಪರೀಕ್ಷಿಸದೆ, ಅದೇ ಹೆಸರಿನಲ್ಲಿ ಬರಿದಾದ ಕಡತವೊಂದು ಯಂತ್ರದಲ್ಲಿ ಸೃಷ್ಟಿಯಾಗುತ್ತಿತ್ತು. ಇದು ಮೊದಲ ದೋಷ. ಕಡತಗಳ ಹೆಸರುಗಳೆಲ್ಲ ತಾನೇ ಇಟ್ಟವೆಂದು ನಂಬಿದ ತಂತ್ರಾಂಶವು, ಅವನ್ನು ತನ್ನ ಆದೇಶವಾಕ್ಯದೊಳಗೆ ಸೇರಿಸಿಕೊಳ್ಳುತ್ತಿತ್ತು. ಇದು ಎರಡನೆಯದು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ನಾಮಪದವು ವಿಧ್ಯರ್ಥದ ಕ್ರಿಯಾಪದವಾಗಿ ಪರಿಣಮಿಸಿತು. ಗುಪ್ತಪದವಿಲ್ಲದೆಯೇ ಯಂತ್ರದ ಸರ್ವಾಧಿಕಾರವು ಪರರ ವಶವಾಯಿತು.

ಪರಿಹಾರದ ಕಥೆಯೂ ಬೋಧಪ್ರದವಾದುದೇ. ಯಂತ್ರದ ಸ್ಥಿತಿಗತಿಗಳನ್ನು ತಯಾರಕರಿಗೆ ವರದಿಮಾಡುವ ಟೆಲಿಮೆಟ್ರಿಯನ್ನು ನಿಲ್ಲಿಸಿದರೆ ಸಾಕೆಂಬ ಸಲಹೆ ಮೊದಲು ಹೊರಟಿತು. ಕೆಲವೇ ದಿನಗಳಲ್ಲಿ, ಅದು ನಿಂತಿದ್ದರೂ ಆಕ್ರಮಣವು ಸಾಧ್ಯವೆಂದು ಕಂಡುಬಂದು, ಆ ಸಲಹೆಯನ್ನು ಹಿಂತೆಗೆಯಲಾಯಿತು. 10.2, 11.0 ಮತ್ತು 11.1 ಶ್ರೇಣಿಗಳಿಗೆ ಏಪ್ರಿಲ್ 14ರಿಂದ ಹೊರಬಂದ ತಿದ್ದುಪಡಿಗಳನ್ನು ಅಳವಡಿಸುವುದೇ ನಿಜವಾದ ಮದ್ದಾಯಿತು. ಅದುವರೆಗೆ ಆಕ್ರಮಣದ ಸಂದೇಶಗಳನ್ನು ಗುರುತಿಸಿ ತಡೆಯುವ ಲಕ್ಷಣಸೂಚಿಯು ತಾತ್ಕಾಲಿಕ ರಕ್ಷೆಯಾಗಿತ್ತು.

ಆದರೆ ಬಿರುಕನ್ನು ಮುಚ್ಚಿದ ಮಾತ್ರಕ್ಕೆ ಮೊದಲೇ ಒಳನುಸುಳಿದವನು ಹೊರಹೋಗುವುದಿಲ್ಲ. ಆದುದರಿಂದ ದಾಖಲೆಗಳನ್ನು ಕಾಪಿಟ್ಟು ಪರಿಶೋಧಿಸುವುದು, ಗುಪ್ತಪದಗಳನ್ನು ಬದಲಾಯಿಸುವುದು, ಆಕ್ರಮಣಕಾರನು ಒಳಗೆ ಕಾರ್ಯನಡೆಸಿದ ಕುರುಹಿದ್ದಲ್ಲಿ ಯಂತ್ರವನ್ನು ಮೂಲಸ್ಥಿತಿಗೆ ತಂದು ಮತ್ತೆ ಸಿದ್ಧಪಡಿಸುವುದು ಅವಶ್ಯವಾದುವು.

ವಿದ್ಯಾರ್ಥಿಗಳ ಅಂಕಪಟ್ಟಿ, ಸಂಸ್ಥೆಯ ಲೆಕ್ಕಪತ್ರಗಳು ಇಂದು ಇಂಥ ಗೋಡೆಗಳ ಹಿಂದೆಯೇ ಇರುತ್ತವೆ. ಯಂತ್ರವನ್ನು ಕೊಳ್ಳಲು ಒಂದು ಸಲದ ಹಣ ಸಾಕು. ಅದನ್ನು ಕಾಯಲು ವರ್ಷವರ್ಷದ ವೆಚ್ಚವೂ ಹೊಣೆಯರಿತ ಒಬ್ಬ ವ್ಯಕ್ತಿಯೂ ಬೇಕು. ಕೆರೆಯನ್ನು ಕಟ್ಟಿಸಿದವರಷ್ಟೇ ಅದರ ಏರಿಯನ್ನು ವರ್ಷವೂ ನೋಡಿ ಸರಿಪಡಿಸುವವರೂ ಊರಿಗೆ ಉಪಕಾರಿಗಳು.