ಮನೆಗೋ, ಸೈಟಿಗೋ?

ಮನೆ ಮಾರಬೇಕು ಎಂದವರು ನನ್ನನ್ನು ಕರೆಸುವಷ್ಟರಲ್ಲಿ ಸಾಮಾನ್ಯವಾಗಿ ಬಣ್ಣದವನು ಬಂದು ಹೋಗಿರುತ್ತಾನೆ. ಗೇಟಿಗೆ ಕಪ್ಪು, ಹಾಲಿಗೆ ತಿಳಿ ಹಳದಿ, ಹೊರಗೋಡೆಗೆ ಅಳಿಯಂದಿರು ಆರಿಸಿದ ನೇರಳೆ. "ಹೊಸ ಮನೆ ಥರಾ ಮಾಡಿಸಿದ್ದೀವಿ ಸಾರ್, ತಿಂಗಳೊಳಗೆ ಹೋಗಿಬಿಡಬೇಕು" ಅನ್ನುತ್ತಾರೆ. ಮೈಸೂರಿನಲ್ಲಿ ಮನೆ ಮಾರಿಸುವುದು, ಕೊಡಿಸುವುದು ನನ್ನ ಕಸುಬು. ಜನ ಬ್ರೋಕರ್ ಅನ್ನುತ್ತಾರೆ, ನನಗೇನೂ ಬೇಸರವಿಲ್ಲ. ಕಾಫಿ ಕುಡಿಯುತ್ತಾ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇದನ್ನು ಕೊಳ್ಳುವವರು ಇದರಲ್ಲಿ ವಾಸ ಮಾಡ್ತಾರೋ, ಇದನ್ನು ಕೆಡವ್ತಾರೋ?

ಪ್ರಶ್ನೆ ಕೇಳಿ ಕೆಲವರಿಗೆ ಸಿಟ್ಟೇ ಬರುತ್ತದೆ. ಆದರೆ ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆಯ ನಲವತ್ತು-ಅರವತ್ತರ ಸೈಟಿನಲ್ಲಿ ಒಂದೇ ಅಂತಸ್ತಿನ ಹಳೇ ಮನೆ ಇದ್ದರೆ, ಬರುವವನು ಮನೆಗಾಗಿ ಬರುತ್ತಿಲ್ಲ. ಅವನಿಗೆ ಬೇಕಾದದ್ದು ಸೈಟು. ಅಡುಗೆಮನೆಗೆ ಇಣುಕಿಯೂ ನೋಡದೆ ಹಿತ್ತಲಿಗೆ ಹೋಗಿ ಕಾಂಪೌಂಡು ನೋಡುತ್ತಾನೆ, ರಸ್ತೆ ಎಷ್ಟು ಅಗಲ ಎಂದು ಹೆಜ್ಜೆ ಹಾಕಿ ಅಳೆಯುತ್ತಾನೆ. ಅಂಥವನ ಮುಂದೆ ನಿಮ್ಮ ಬಣ್ಣದ ದುಡ್ಡು ದಂಡ. ಆ ದುಡ್ಡಿನಲ್ಲಿ ಒಂದಿಷ್ಟನ್ನು ಸರ್ವೇಯರ್‌ಗೆ ಕೊಟ್ಟು ಸೈಟು ಅಳೆಸಿ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಅರವತ್ತು ಅಡಿ ಎಂದಿದ್ದು ನೆಲದಲ್ಲಿ ಐವತ್ತೊಂಬತ್ತು ಸಿಕ್ಕರೆ, ಆ ಒಂದಡಿ ಪಕ್ಕದವರ ಕಾಂಪೌಂಡಿನೊಳಗೆ ಹೋಗಿದೆಯೋ ಮುಂದಿನ ಚರಂಡಿಗೆ ಹೋಗಿದೆಯೋ ಎಂಬುದು ಕೊಳ್ಳುವವನು ಕೇಳುವ ಮೊದಲೇ ನಿಮಗೆ ಗೊತ್ತಿರಬೇಕು. ಪಕ್ಕದವರ ಜೊತೆ ಕೂತು ಮಾತಾಡಲು ನಿಮಗಿರುವ ಸಲಿಗೆ ಹೊಸಬನಿಗೆ ಇರುವುದಿಲ್ಲ. ಹಿತ್ತಲಿನ ದೊಡ್ಡ ಮರವೂ ಲೆಕ್ಕಕ್ಕೆ ಬರುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ, ಸ್ವಂತ ಜಾಗದ ಮರವನ್ನೂ ಮನಬಂದಂತೆ ಕಡಿಯಲಾಗದು. ಇನ್ನು ಅಜ್ಜನ ಕಾಲದ ತೇಗದ ಬಾಗಿಲು, ಕಿಟಕಿ. ಕೆಡವುವವನಿಗೆ ಅದು ಲಾಭ, ನಿಮಗೆ ನೆನಪು. ಯಾರ ಪಾಲಿಗೆ ಎಂಬುದನ್ನು ಕರಾರಿನಲ್ಲೇ ಬರೆಸಿ. ಕ್ರಯ ಆದಮೇಲೆ ಒಂದು ದೇವರಮನೆ ಬಾಗಿಲಿಗಾಗಿ ಎರಡು ಕುಟುಂಬ ಮಾತು ಬಿಟ್ಟದ್ದು ಕಂಡಿದ್ದೇನೆ.

ವಾಸಕ್ಕೆ ಬರುವವರ ರೀತಿ ಬೇರೆ. ಅವರಲ್ಲಿ ತೀರ್ಮಾನ ಮಾಡುವವರು ಹೆಣ್ಣುಮಕ್ಕಳು. ಗಂಡಸರು ಹಾಲಿನಲ್ಲಿ ನಿಂತು ಪಾರ್ಕಿಂಗ್ ಬಗ್ಗೆ ಮಾತಾಡುವಷ್ಟರಲ್ಲಿ ಹೆಂಗಸರು ಅಡುಗೆಮನೆ ನಲ್ಲಿ ತಿರುಗಿಸಿರುತ್ತಾರೆ, ಸಿಂಕಿನ ಕೆಳಗಿನ ಬಾಗಿಲು ತೆಗೆದು ಮೂಸಿರುತ್ತಾರೆ. ಆಮೇಲಿನ ಪ್ರಶ್ನೆ ಕಾವೇರಿ ನೀರು ದಿನ ಬಿಟ್ಟು ದಿನವೋ, ಯಾವ ಹೊತ್ತಿಗೆ, ಸಂಪು ಎಷ್ಟು ಲೀಟರಿನದು. ಆದ್ದರಿಂದ ಬಣ್ಣಕ್ಕಿಂತ ಮೊದಲು ಪ್ಲಂಬರ್. ತೊಟ್ಟಿಕ್ಕುವ ನಲ್ಲಿಗಳಿಗೆ ವಾಷರು, ನಿಧಾನವಾಗಿ ಇಳಿಯುವ ಬಚ್ಚಲ ನೀರಿಗೆ ದಾರಿ, ಸಂಪು ಮತ್ತು ಮೇಲಿನ ಟ್ಯಾಂಕು ತೊಳೆಸುವುದು. ಉರಿಯದ ಬಲ್ಬು, ಅಲುಗಾಡುವ ಸ್ವಿಚ್ಚು, ಕಿರುಗುಟ್ಟುವ ಚಿಲಕ, ಇವೆಲ್ಲ ಒಂದೆರಡು ದಿನದ ಕೆಲಸ. ಮೊಸಾಯಿಕ್ ನೆಲವಿದ್ದರೆ ಪಾಲಿಶ್ ಮಾಡಿಸಿ. ಅದರ ಮೇಲೆ ಟೈಲ್ಸ್ ಹಾಕಿಸುವ ಗೋಜಿಗೆ ಹೋಗಬೇಡಿ. ರೆಡ್ ಆಕ್ಸೈಡ್ ನೆಲವಂತೂ ಒರೆಸಿ ಕೊಬ್ಬರಿ ಎಣ್ಣೆ ಸವರಿದರೆ ಸಾಕು, ಈಗ ಅದನ್ನೇ ಹುಡುಕಿಕೊಂಡು ಬರುವ ಹುಡುಗರೂ ಇದ್ದಾರೆ.

ಬಣ್ಣ ಬೇಡವೇ ಬೇಡ ಎಂದಲ್ಲ. ಒಳಗೆ ಒಂದು ಕೋಟು ಬಿಳಿ ಹೊಡೆಸಿದರೆ ಮನೆಗೆ ಬೆಳಕು ಬರುತ್ತದೆ. ಆದರೆ ತೇವ ಹೀರಿ ಉಬ್ಬಿದ ಗೋಡೆಯ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಸುವ ಬುದ್ಧಿ ಇದೆಯಲ್ಲ, ಅದು ಬೇಡ. ಬಚ್ಚಲಿನ ಹಿಂಗೋಡೆ, ಟ್ಯಾಂಕಿನ ಕೆಳಗಿನ ಸೂರು, ಈ ಎರಡು ಕಡೆ ಮಾತ್ರ ಹೊಸ ಬಣ್ಣ ಹೊಳೆಯುತ್ತಿದ್ದರೆ ಅನುಭವಸ್ಥರು ನೇರ ಅಲ್ಲಿಗೇ ಕೈ ಇಟ್ಟು ನೋಡುತ್ತಾರೆ. ಊದುಬತ್ತಿಯೂ ಹಾಗೆಯೇ. ಮನೆ ತುಂಬ ಹೊಗೆ ಇದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ. ಬೆಳಿಗ್ಗೆಯೇ ಕಿಟಕಿ ತೆಗೆದಿಡಿ, ದೇವರ ಮುಂದೆ ಒಂದು ದೀಪ ಹಚ್ಚಿ, ಅಷ್ಟೇ.

ಸಾಮಾನು ಕಡಿಮೆ ಮಾಡಿ ಎಂದರೆ ತಕ್ಷಣ ಒಪ್ಪುತ್ತಾರೆ. ಅಟ್ಟದ ಹಿತ್ತಾಳೆ ಹಂಡೆ, ಮುರಿದ ಈಜಿಚೇರು, ವರ್ಷಗಟ್ಟಲೆ ಪೇರಿಸಿದ ಪೇಪರು ಹೊರಗೆ ಹೋಗುತ್ತವೆ. ಕಷ್ಟ ಇರುವುದು ಗೋಡೆಯ ಮೇಲೆ. ಕುವೆಂಪುನಗರದ ಒಂದು ಮನೆಯಲ್ಲಿ, ಹಾಲಿಗೆ ಕಾಲಿಟ್ಟರೆ ಎದುರಿಗೇ ತೀರಿಕೊಂಡ ಯಜಮಾನರ ದೊಡ್ಡ ಫೋಟೊ, ಅದಕ್ಕೆ ಗಂಧದ ಹಾರ. ಬಂದವರೆಲ್ಲ ಕೂತ ಕೂಡಲೇ ಅದನ್ನೇ ನೋಡುವುದು. ಯಾವಾಗ ಹೋದರು, ಏನಾಗಿತ್ತು, ಈ ಮನೆಯಲ್ಲೇನಾ? ಅಲ್ಲಿಗೆ ಮಾತು ಮುಗಿಯುತ್ತಿತ್ತು.

"ಅಮ್ಮಾ, ಫೋಟೊ ಸದ್ಯಕ್ಕೆ ಮಗಳ ಮನೆಗೆ ಕಳಿಸಿ" ಎಂದೆ.

"ಅವರು ಕಟ್ಟಿಸಿದ ಮನೆ ಕಣಪ್ಪಾ. ಅವರನ್ನೇ ಮೊದಲು ಆಚೆಗೆ ಕಳಿಸು ಅಂತೀಯಲ್ಲ."

ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರ ಹೋದಾಗ ಫೋಟೊ ಅವರ ಮಲಗುವ ಕೋಣೆಯಲ್ಲಿತ್ತು. "ನಿನ್ನ ಮಾತಿಗಲ್ಲ" ಅಂದರು. "ಬಂದಬಂದವರೆಲ್ಲ ಅವರನ್ನ ಹಾಗೆ ದಿಟ್ಟಿಸೋದು ನನಗೇ ಹಿಡಿಸಲಿಲ್ಲ."

ವಾಸ್ತುವಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ದಕ್ಷಿಣದ ಬಾಗಿಲೆಂದರೆ ಹಿಂಜರಿಯುವವರು ಇದ್ದೇ ಇದ್ದಾರೆ. ಮಾರುವ ಮನೆಯ ಗೋಡೆ ಒಡೆಸಿ ಬಾಗಿಲು ತಿರುಗಿಸಬೇಡಿ, ಫೋನಿನಲ್ಲೇ ದಿಕ್ಕು ಹೇಳಿಬಿಡಿ. ಬೇಡದವರು ಬರುವುದಿಲ್ಲ, ನಿಮ್ಮ ಭಾನುವಾರ ಉಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಮನೆ ನಿಲ್ಲುವುದು ಕಾಗದದಲ್ಲಿ. ಸೈಟಿಗೆ ಬಂದವನಾದರೂ ಮನೆಗೆ ಬಂದವನಾದರೂ ಕೊನೆಗೆ ಕೇಳುವುದು ಒಂದೇ ಕಡತ. ಮೂಲ ಕ್ರಯಪತ್ರ ಅಥವಾ ಮುಡಾ ಹಕ್ಕುಪತ್ರ, ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ, ಕರೆಂಟು ಮತ್ತು ನೀರಿನ ಬಿಲ್ಲು, ಋಣಭಾರ ಪತ್ರ. 2024ರ ಕೊನೆಯಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಇಲ್ಲ. ಖಾತೆಯಲ್ಲಿ ಹೆಸರಿನ ಇನಿಷಿಯಲ್ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ಅದನ್ನು ಸರಿಮಾಡಿಸಲು ಎಷ್ಟು ಅಲೆದಾಟವೆಂದು ಅನುಭವಿಸಿದವರೇ ಬಲ್ಲರು. ನಾವು ಇ.ಸಿ. ಎನ್ನುವ ಋಣಭಾರ ಪತ್ರ 2004ರಿಂದೀಚಿನದು ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕಿಂತ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕ ಹುಡುಕಿಸಬೇಕು. ಬ್ಯಾಂಕುಗಳು ಸಾಮಾನ್ಯವಾಗಿ ಮೂವತ್ತು ವರ್ಷದ್ದು ಕೇಳುವುದರಿಂದ ಹುಡುಕಾಟ ತಪ್ಪದು. ಎಂದೋ ತೀರಿಸಿದ ಸಾಲದ ಅಡಮಾನ ಇ.ಸಿ.ಯಲ್ಲಿ ಇನ್ನೂ ಕೂತಿದ್ದರೆ ಬ್ಯಾಂಕಿಗೆ ಹೋಗಿ ಬಿಡುಗಡೆ ಪತ್ರ ಮಾಡಿಸಿ. ಈಗ ತೀರಿಸುವವರಿಗೆ ಒಂದು ಅನುಕೂಲವಿದೆ: 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಸಾಲ ಮುಗಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ಹಿಂತಿರುಗಿಸಬೇಕು. ಅದರ ಕಡೆಯಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕು.

ಯಜಮಾನರು ವಿಲ್ ಬರೆಯದೆ ತೀರಿಕೊಂಡ ಮನೆಗಳು ಇನ್ನೂ ನಿಧಾನ. ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆಯಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು, ತೀರಿಕೊಂಡವರ ತಾಯಿ ಬದುಕಿದ್ದರೆ ಅವರಿಗೂ. "ಅಕ್ಕಂಗೆ ಮದುವೇಲೇ ಎಲ್ಲಾ ಕೊಟ್ಟಾಗಿದೆ" ಎಂಬ ಮಾತು ನೋಂದಣಿ ಕಚೇರಿಯಲ್ಲಿ ನಡೆಯುವುದಿಲ್ಲ. ನಾಡಕಚೇರಿಯಿಂದ ವಂಶವೃಕ್ಷ, ಎಲ್ಲರ ಹೆಸರಿಗೆ ಖಾತೆ, ಎಲ್ಲರ ಸಹಿ ಆಗಬೇಕು, ಇಲ್ಲವೇ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರ ಬೇಕು. ಮಗ ಅಮೆರಿಕದಲ್ಲಿದ್ದರೆ ಅಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಜಿಪಿಎ, ಅಂದರೆ ಅಧಿಕಾರ ಪತ್ರ, ಕಳಿಸಬೇಕು, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದನ್ನು ಗಾದ್ರೇಜ್ ಬೀರುವಿನಲ್ಲಿ ಭದ್ರವಾಗಿಟ್ಟು ಅವಧಿ ಮೀರಿಸಿದವರಿದ್ದಾರೆ.

ಬೆಲೆಯ ಬಗ್ಗೆ ಒಂದು ಮಾತು. ಬೇಗ ಮಾರಬೇಕೆನ್ನುವವರು ಹತ್ತು ಲಕ್ಷ ಮೇಲಿಟ್ಟು "ಕೇಳಿದರೆ ಇಳಿಸೋಣ" ಅನ್ನುತ್ತಾರೆ. ಕೇಳುವವರೇ ಬರುವುದಿಲ್ಲ. ಕೋಟಿಯ ಮನೆಗೆ ಕೊಳ್ಳುವವನು ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು ಮತ್ತು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ ಎಲ್ಲ ಸೇರಿ ಏಳೂವರೆ ಲಕ್ಷಕ್ಕೂ ಮೇಲೆ ಕಟ್ಟುತ್ತಾನೆ. ಅವನ ಲೆಕ್ಕದಲ್ಲಿ ಅದೂ ಮನೆಯ ಬೆಲೆಯೇ. "ಅರ್ಧ ಕ್ಯಾಷ್ ಕೊಡ್ತೀನಿ" ಎಂದು ಅದನ್ನು ಉಳಿಸಲು ನೋಡುವವನು ಬಂದರೆ ನಾನು ಎದ್ದುಬಿಡುತ್ತೇನೆ. ಸ್ಥಿರಾಸ್ತಿ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ದಂಡ ಬೀಳುವುದು ತೆಗೆದುಕೊಂಡ ನಿಮಗೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವನು ಶೇ 1 ತೆರಿಗೆ ಹಿಡಿದುಕೊಂಡೇ ಕೊಡುತ್ತಾನೆ, ಗಾಬರಿ ಬೇಡ. ಮಾರುವವರಲ್ಲಿ ಒಬ್ಬರು ಅನಿವಾಸಿಯಾದರೆ ಅವರ ಪಾಲಿನ ಮೇಲಿನ ಕಡಿತ ಇದರ ಹಲವು ಪಟ್ಟು, ಅದನ್ನು ಇಳಿಸುವ ಪ್ರಮಾಣಪತ್ರಕ್ಕೆ ಮೊದಲೇ ಅರ್ಜಿ ಹಾಕಬೇಕು. 2001ಕ್ಕಿಂತ ಹಿಂದಿನ ಮನೆಯಾದರೆ ಆ ವರ್ಷದ ಏಪ್ರಿಲ್ 1ರ ಬೆಲೆಗೆ ವ್ಯಾಲ್ಯುಯರ್ ವರದಿ ಮಾಡಿಸಿಡಿ, ಲಾಭದ ತೆರಿಗೆ ಲೆಕ್ಕಕ್ಕೆ ಬೇಕಾಗುತ್ತದೆ. ಮಹಡಿ ಕಟ್ಟಿಸಿದ ಹಳೇ ಬಿಲ್ಲುಗಳಿದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ. ಬ್ರೋಕರ್ ಕಮಿಷನ್ನೂ ಬರುತ್ತದೆ, ನನ್ನ ರಸೀದಿ ಕೇಳಿ ಪಡೆಯಿರಿ. ಮೊನ್ನೆ ಹೊಡೆಸಿದ ನೇರಳೆ ಬಣ್ಣದ ಬಿಲ್ಲು ಬರುವುದಿಲ್ಲ.

ಇದನ್ನೆಲ್ಲ ಮಾಡಲು ಒಳ್ಳೆಯ ಕಾಲವೆಂದರೆ ಆಷಾಢ. ಆ ತಿಂಗಳು ಅಡ್ವಾನ್ಸ್ ಕೊಡಲು ಯಾರೂ ಬರುವುದಿಲ್ಲ. ಮಳೆಯೂ ಇರುವುದರಿಂದ ತಾರಸಿ ಎಲ್ಲಿ ಸೋರುತ್ತದೆಂದು ತಾನಾಗೇ ತಿಳಿಯುತ್ತದೆ. ಪ್ಲಂಬರ್, ಸರ್ವೇಯರ್, ನಾಡಕಚೇರಿ, ಬ್ಯಾಂಕು ಎಲ್ಲವನ್ನೂ ಆಗ ಮುಗಿಸಿಕೊಂಡರೆ ಶ್ರಾವಣದಲ್ಲಿ ಫೋನು ಶುರುವಾದ ಕೂಡಲೇ ಕಡತ ಕೈಗೆ ಕೊಡಬಹುದು. ಆಗಲೂ ತಯಾರಿಲ್ಲ ಎನ್ನುವವರ ಜೊತೆ ನಾನು ದಿನ ದೂಡುತ್ತಾ ಕೂರುವುದಿಲ್ಲ. ಮುಂದೆ ಪಿತೃಪಕ್ಷ ಬರುತ್ತದೆ, ಅದು ಕಳೆದರೆ ಊರೆಲ್ಲ ದಸರಾ. ದೀಪಾವಳಿ ಆದಮೇಲೆ ಬನ್ನಿ ಎಂದುಬಿಡುತ್ತೇನೆ.